‘ಮನೆಗಳಿಗೆ ಇಷ್ಟು ಕೋಟಿ’ ಅಂತ ಸರ್ಕಾರ ಹೇಳಿದರೆ ಏನೇನು ಕೇಳಬೇಕು

ಯಾವ ದೇಶದ ಬಜೆಟ್ಟೇ ಆಗಲಿ, ವಸತಿ ಅಂತ ಬಂದಾಗ ಒಂದು ದೊಡ್ಡ ಅಂಕಿ ಹೊರಗೆ ಬೀಳುತ್ತದೆ. ಸಾವಿರಾರು ಕೋಟಿ, ಲಕ್ಷಾಂತರ ಮನೆ, ಇಷ್ಟು ವರ್ಷ ಕಳೆದರೆ ಬೀದಿಯಲ್ಲಿ ಮಲಗುವವರೇ ಇರುವುದಿಲ್ಲ. ಮಾರನೇ ದಿನ ಪೇಪರಿನಲ್ಲಿ ಅದೇ ತಲೆಬರಹ. ಕೆಲವರು ಚಪ್ಪಾಳೆ ಹೊಡೆಯುತ್ತಾರೆ, ಕೆಲವರು ‘ಎಲ್ಲ ಬರೀ ಬುರುಡೆ’ ಅಂತ ಪೇಪರ್ ಮಡಚಿಡುತ್ತಾರೆ. ಎರಡೂ ಆತುರವೇ. ಆ ಅಂಕಿಯನ್ನು ಬಿಡಿಸಿ ನೋಡಲು ಅರ್ಥಶಾಸ್ತ್ರ ಓದಿರಬೇಕಿಲ್ಲ. ಬಜೆಟ್ ಪುಸ್ತಕ, ವಸತಿ ಇಲಾಖೆಯ ವಾರ್ಷಿಕ ವರದಿ, ಒಂದು ಪೆನ್ನು ಇದ್ದರೆ ಸಾಕು. ಕೆಳಗೆ ಹೇಳುವುದೆಲ್ಲ ಒಂದೇ ಕೆಲಸದ ಬೇರೆ ಬೇರೆ ಹಂತ: ಹಣದ ಬೆನ್ನು ಬಿಟ್ಟು ಮನೆಯ ಬೆನ್ನು ಹತ್ತುವುದು. ಸೂರೇ ಇಲ್ಲದ ಎಷ್ಟು ಜನರ ಕೈಗೆ ಬೀಗದ ಕೈ ಬಂತು, ಅದು ಎಷ್ಟು ವರ್ಷ ಅವರ ಕೈಯಲ್ಲಿ ಉಳಿಯುತ್ತದೆ ಅಂತ ಕೇಳುವುದು.

ಸಾಮಾಜಿಕ ವಸತಿ ಅಂದರೆ ಇಲ್ಲಿ ನನ್ನ ಅರ್ಥ ಇಷ್ಟೇ: ಸರ್ಕಾರದ, ನಗರಸಭೆಯ ಅಥವಾ ಲಾಭಕ್ಕೆ ನಡೆಯದ ಸಂಸ್ಥೆಯ ಮನೆ, ಮಾರುಕಟ್ಟೆ ಕೇಳುವಷ್ಟು ಬಾಡಿಗೆ ಇಲ್ಲದೆ ಕಡಿಮೆ ಆದಾಯದವರು ಕೊಡಬಲ್ಲಷ್ಟು ಬಾಡಿಗೆ.

ಮೊದಲು ಅಂಕಿಯನ್ನು ಒಡೆಯಿರಿ

ಘೋಷಣೆಯಲ್ಲಿ ಹೇಳಿದ ಮೊತ್ತ ಎಷ್ಟು ವರ್ಷದ್ದು? ಹತ್ತು ವರ್ಷದ ಯೋಜನೆಯ ಒಟ್ಟು ಮೊತ್ತವನ್ನು ಈ ವರ್ಷದ ಖರ್ಚಿನ ಹಾಗೆ ಹೇಳುವುದು ಎಲ್ಲ ಸರ್ಕಾರಗಳಿಗೂ ಅಭ್ಯಾಸ. ಹಾಗಾಗಿ ಮೊದಲು ವರ್ಷಕ್ಕೆ ಭಾಗಿಸಿ. ಆಮೇಲೆ ಅದರಲ್ಲಿ ಹೊಸ ಹಣ ಎಷ್ಟು, ಹೋದ ಸಲವೇ ಘೋಷಿಸಿ ಖರ್ಚಾಗದೆ ಉಳಿದದ್ದು ಎಷ್ಟು ನೋಡಿ. ಬಜೆಟ್ ಪುಸ್ತಕದಲ್ಲಿ ಸಾಮಾನ್ಯವಾಗಿ ಮೂರು ಕಾಲಂ ಇರುತ್ತವೆ: ಮುಂದಿನ ವರ್ಷದ ಅಂದಾಜು, ಈ ವರ್ಷದ ಪರಿಷ್ಕೃತ ಅಂದಾಜು, ಹಿಂದಿನ ವರ್ಷದ ನಿಜವಾದ ಖರ್ಚು. ಭಾಷಣದಲ್ಲಿ ಬರುವುದು ಮೊದಲನೆಯದು. ನೀವು ನೋಡಬೇಕಾದದ್ದು ಕೊನೆಯದು. ಎರಡರ ನಡುವೆ ಪ್ರತಿ ವರ್ಷ ದೊಡ್ಡ ಅಂತರ ಇದ್ದರೆ ಈ ಸಲದ ಅಂಕಿಯನ್ನು ಎಷ್ಟು ನಂಬಬೇಕು ಅಂತ ನಿಮಗೇ ಗೊತ್ತಾಗುತ್ತದೆ.

ಹಣದ ಜಾತಿಯೂ ಮುಖ್ಯ. ಅನುದಾನ ಬೇರೆ, ಸಾಲ ಬೇರೆ, ಸಾಲಕ್ಕೆ ಸರ್ಕಾರದ ಜಾಮೀನು ಬೇರೆ, ಬಿಲ್ಡರುಗಳಿಗೆ ತೆರಿಗೆ ವಿನಾಯಿತಿ ಬೇರೆ. ನಾಲ್ಕನ್ನೂ ಕೂಡಿಸಿ ‘ಹೂಡಿಕೆ’ ಅಂತ ಒಂದೇ ಸಾಲು ಬರೆದಿದ್ದರೆ ಬೇರೆ ಮಾಡಿ. ಸಾಲದಲ್ಲಿ ಕಟ್ಟಿದ ಮನೆಯ ಕಂತನ್ನು ಕೊನೆಗೆ ಬಾಡಿಗೆಯಿಂದಲೇ ತೀರಿಸಬೇಕು, ಅಂದರೆ ಬಾಡಿಗೆ ಜಾಸ್ತಿಯೇ ಇರುತ್ತದೆ. ತೀರ ಕಡಿಮೆ ಆದಾಯದವರಿಗೆ ಮನೆ ಬೇಕು ಅಂದರೆ ಕಟ್ಟುವ ಖರ್ಚಿನ ದೊಡ್ಡ ಪಾಲು ಅನುದಾನವಾಗಿ ಬರಬೇಕು, ಇಲ್ಲವೇ ಬಾಡಿಗೆಗೆ ಸಹಾಯಧನ ಪ್ರತಿ ತಿಂಗಳು ಬರುತ್ತಿರಬೇಕು. ಇದಕ್ಕೆ ಮೂರನೇ ದಾರಿ ಇಲ್ಲ.

ಆ ದುಡ್ಡು ಏನನ್ನು ಕೊಳ್ಳುತ್ತಿದೆ

ಹೊಸ ಮನೆ ಕಟ್ಟುವುದು, ಕಟ್ಟಿರುವ ಮನೆ ಕೊಳ್ಳುವುದು, ಹಳೆಯದನ್ನು ರಿಪೇರಿ ಮಾಡುವುದು, ಬಾಡಿಗೆ ಸಹಾಯಧನ, ರಾತ್ರಿ ತಂಗುದಾಣ. ಇವೆಲ್ಲ ‘ವಸತಿ’ ಅನ್ನುವ ಒಂದೇ ತಲೆಬರಹದ ಕೆಳಗೆ ಬರುತ್ತವೆ, ಆದರೆ ಮಾಡುವ ಕೆಲಸ ಬೇರೆ ಬೇರೆ.

ತಂಗುದಾಣ ಬೇಡ ಅಂತಲ್ಲ. ಚಳಿಯಲ್ಲಿ, ಮಳೆಯಲ್ಲಿ ಅದು ಜೀವ ಉಳಿಸುತ್ತದೆ. ಆದರೆ ಅದರಿಂದ ಮನೆಯಿಲ್ಲದವರ ಸಂಖ್ಯೆ ಒಂದೂ ಕಡಿಮೆಯಾಗುವುದಿಲ್ಲ, ಬೆಳಗಾದರೆ ಅವರು ಮತ್ತೆ ಮನೆಯಿಲ್ಲದವರೇ. ಇಂಗ್ಲೆಂಡಿನ ಲೆಕ್ಕ ನೋಡಿ: ಮನೆ ಕಳೆದುಕೊಂಡ ಕುಟುಂಬಗಳನ್ನು ತಾತ್ಕಾಲಿಕ ಜಾಗಗಳಲ್ಲಿ ಇಡಲು ಅಲ್ಲಿನ ಸ್ಥಳೀಯ ಸಂಸ್ಥೆಗಳು 2023–24ರಲ್ಲಿ ಸುಮಾರು 2.3 ಬಿಲಿಯನ್ ಪೌಂಡ್ ಖರ್ಚು ಮಾಡಿದವು. ಖಾಸಗಿ ಮಾಲೀಕರಿಗೆ, ಹೋಟೆಲುಗಳಿಗೆ ದಿನದ ಲೆಕ್ಕದಲ್ಲಿ ಹೋಗುವ ಹಣ ಇದು, ವರ್ಷದ ಕೊನೆಗೆ ಸಂಸ್ಥೆಯ ಕೈಯಲ್ಲಿ ಒಂದು ಗೋಡೆಯೂ ಉಳಿಯುವುದಿಲ್ಲ. ನಿಮ್ಮ ಬಜೆಟ್ಟಿನಲ್ಲಿ ತಾತ್ಕಾಲಿಕ ವಸತಿಯ ಸಾಲು ವರ್ಷದಿಂದ ವರ್ಷಕ್ಕೆ ಊದಿಕೊಳ್ಳುತ್ತಿದ್ದರೆ, ಕಾಯಂ ಮನೆಯ ಸಾಲು ನಿಂತಲ್ಲೇ ನಿಂತಿದ್ದರೆ, ಅಲ್ಲಿ ಪೆನ್ನಿನಿಂದ ಗುರುತು ಹಾಕಿ.

ಬಾಡಿಗೆ ಸಹಾಯಧನ ಬೇಗ ಸಿಗುತ್ತದೆ, ಕಟ್ಟುವವರೆಗೆ ಕಾಯಬೇಕಿಲ್ಲ. ಆದರೆ ಖಾಲಿ ಮನೆಗಳೇ ಕಡಿಮೆ ಇರುವ ಊರಿನಲ್ಲಿ ಅದರ ಒಂದು ಪಾಲು ಹೆಚ್ಚಿದ ಬಾಡಿಗೆಯಾಗಿ ಮಾಲೀಕರ ಜೇಬಿಗೆ ಹೋಗುತ್ತದೆ. ಇನ್ನು ಇರುವ ಫ್ಲ್ಯಾಟುಗಳನ್ನೇ ಕೊಳ್ಳುವ ದಾರಿಯನ್ನು ಜನ ಅಷ್ಟಾಗಿ ಗಮನಿಸುವುದಿಲ್ಲ. ಫಿನ್ಲೆಂಡಿನಲ್ಲಿ 1985ರಲ್ಲಿ ಶುರುವಾದ ವೈ-ಫೌಂಡೇಶನ್ ಅನ್ನುವ ಸಂಸ್ಥೆ ಸರ್ಕಾರದ ನೆರವು ಪಡೆದು ಮಾಮೂಲಿ ಕಟ್ಟಡಗಳಲ್ಲಿ ಅಲ್ಲೊಂದು ಇಲ್ಲೊಂದು ಫ್ಲ್ಯಾಟ್ ಕೊಂಡು ಮನೆಯಿಲ್ಲದವರಿಗೆ ಬಾಡಿಗೆಗೆ ಕೊಡುತ್ತಾ ಬಂದಿದೆ. ಶಂಕುಸ್ಥಾಪನೆ ಇಲ್ಲ, ರಿಬ್ಬನ್ ಕತ್ತರಿಸುವುದಿಲ್ಲ, ಫೋಟೊ ಇಲ್ಲ. ರಾಜಕಾರಣಿಗಳಿಗೆ ಇದು ರುಚಿಸದಿರಲು ಅದೂ ಒಂದು ಕಾರಣ ಇರಬಹುದು.

ಬಾಡಿಗೆ ಯಾರ ಕೈಗೆ ಎಟಕುತ್ತದೆ

‘ಕೈಗೆಟಕುವ ಮನೆ’ ಅನ್ನುವ ಮಾತು ಕಂಡ ತಕ್ಷಣ ನಿಲ್ಲಿ. ಯಾರ ಕೈಗೆ? ಇಂಗ್ಲೆಂಡಿನಲ್ಲಿ 2011ರಲ್ಲಿ ತಂದ ಹೊಸ ಬಗೆಯ ‘ಕೈಗೆಟಕುವ ಬಾಡಿಗೆ’ ಮಾರುಕಟ್ಟೆ ಬಾಡಿಗೆಯ ಶೇ 80ರವರೆಗೂ ಇರಬಹುದು ಅಂತ ನಿಯಮ. ಲಂಡನ್ನಿನಂಥ ಕಡೆ ಮಾರುಕಟ್ಟೆ ಬಾಡಿಗೆಯಲ್ಲಿ ಐದನೇ ಒಂದು ಭಾಗ ಬಿಟ್ಟರೂ ಬಡವರಿಗೆ ಏನೂ ಉಪಯೋಗವಿಲ್ಲ. ಆದ್ದರಿಂದ ಬಾಡಿಗೆಯನ್ನು ಮಾರುಕಟ್ಟೆಗೆ ಹೋಲಿಸಿ ಹೇಳಿದ್ದಾರೋ, ಆದಾಯಕ್ಕೆ ಹೋಲಿಸಿ ಹೇಳಿದ್ದಾರೋ ನೋಡಿ. ಆದಾಯಕ್ಕೆ ಕಟ್ಟಿದ ಬಾಡಿಗೆ ಮಾತ್ರ ತೀರ ಕೆಳಗಿನವರಿಗೆ ತಲುಪುತ್ತದೆ. ಕುಟುಂಬದ ಆದಾಯದ ಸುಮಾರು ಶೇ 30ಕ್ಕಿಂತ ಜಾಸ್ತಿ ಬಾಡಿಗೆಗೆ ಹೋದರೆ ಅದು ಭಾರ ಅನ್ನುವುದು ಬಹಳ ಕಡೆ ಬಳಸುವ ಅಳತೆ. ಬಡವರಿಗೆ ಆ ಅಳತೆಯೂ ಸಡಿಲವೇ.

ಮಾಲೀಕತ್ವದ ಯೋಜನೆಗಳನ್ನು ಇನ್ನೂ ಹುಷಾರಾಗಿ ಓದಬೇಕು. ಬ್ಯಾಂಕ್ ಸಾಲದ ಬಡ್ಡಿಗೆ ಸಬ್ಸಿಡಿ ಕೊಟ್ಟರೆ ಬ್ಯಾಂಕ್ ಸಾಲ ಕೊಡುವಂಥವರಿಗೆ ಅದರ ಲಾಭ. ತಿಂಗಳ ಸಂಬಳದ ಚೀಟಿ ಇಲ್ಲದವರು, ವಿಳಾಸವೇ ಇಲ್ಲದವರು ಆ ಸಾಲಿನಲ್ಲಿ ನಿಲ್ಲುವುದೇ ಇಲ್ಲ. ಸಿಂಗಪುರವನ್ನು ಎಲ್ಲರೂ ಉದಾಹರಣೆ ಕೊಡುತ್ತಾರೆ. 1960ರಲ್ಲಿ ಅಲ್ಲಿ ವಸತಿ ಮಂಡಳಿ ಶುರುವಾಯಿತು, ಇವತ್ತು ಅಲ್ಲಿನ ನಿವಾಸಿಗಳಲ್ಲಿ ಹತ್ತರಲ್ಲಿ ಸುಮಾರು ಎಂಟು ಜನ ಆ ಮಂಡಳಿಯ ಫ್ಲ್ಯಾಟುಗಳಲ್ಲಿದ್ದಾರೆ, ಹೆಚ್ಚಿನವರು 99 ವರ್ಷದ ಗುತ್ತಿಗೆಯ ಮೇಲೆ ಕೊಂಡವರು. ನಿಜ. ಆದರೆ ಅಲ್ಲಿಯೂ ಕೊಳ್ಳಲಾಗದವರಿಗೆ ಕಡಿಮೆ ಬಾಡಿಗೆಯ ಫ್ಲ್ಯಾಟುಗಳನ್ನು ಬೇರೆಯಾಗಿಯೇ ಇಟ್ಟಿದ್ದಾರೆ, ಉದಾಹರಣೆ ಕೊಡುವವರು ಅದನ್ನು ಸಾಮಾನ್ಯವಾಗಿ ಹೇಳುವುದಿಲ್ಲ.

ವಿಯೆನ್ನಾದ ದಾರಿ ಬೇರೆ. 1923ರಲ್ಲಿ ನಗರ ಒಂದು ವಸತಿ ತೆರಿಗೆ ಹಾಕಿತು, ದೊಡ್ಡ ಬಂಗಲೆಗೆ ಭಾರಿ ತೆರಿಗೆ, ಚಿಕ್ಕ ಮನೆಗೆ ಅಲ್ಪಸ್ವಲ್ಪ. ಆ ಹಣದಲ್ಲಿ ಹತ್ತು ವರ್ಷ ಚಿಲ್ಲರೆಯಲ್ಲಿ 60 ಸಾವಿರಕ್ಕೂ ಹೆಚ್ಚು ಮನೆ ಎದ್ದವು. ಈಗ ನಗರದ ಸ್ವಂತ ಮನೆಗಳೇ ಸುಮಾರು 2 ಲಕ್ಷ 20 ಸಾವಿರ. ಅಲ್ಲಿ ಆದಾಯದ ಮಿತಿ ಎತ್ತರದಲ್ಲಿದೆ, ಮಧ್ಯಮ ವರ್ಗದವರಿಗೂ ಮನೆ ಸಿಗುತ್ತದೆ, ಮುಂದೆ ಸಂಬಳ ಹೆಚ್ಚಾದರೆ ಹೊರಗೆ ಹಾಕುವುದಿಲ್ಲ. ಇದರಿಂದ ಬಡವರನ್ನು ಒಂದೇ ಕಡೆ ಗುಡ್ಡೆ ಹಾಕುವುದು ತಪ್ಪಿದೆ, ಯೋಜನೆಗೆ ಎಲ್ಲ ವರ್ಗದವರ ಬೆಂಬಲವೂ ಉಳಿದಿದೆ. ಜೊತೆಗೆ ಒಂದು ತೊಡಕೂ ಇದೆ: ಬಾಗಿಲು ಅಗಲವಾಗಿದ್ದರೆ ಮುಂದೆ ನಿಲ್ಲುವವರು ಕಾಗದಪತ್ರ ಸರಿಯಾಗಿ ಇರುವವರು. ಬೀದಿಯಲ್ಲಿರುವವರಿಗೆ ಇಂತಿಷ್ಟು ಮನೆ ಅಂತ ಪ್ರತ್ಯೇಕವಾಗಿ ತೆಗೆದಿಡದಿದ್ದರೆ ಅವರು ಸಾಲಿನ ಕೊನೆಗೆ ಸರಿಯುತ್ತಾರೆ.

ಕಟ್ಟಿದ್ದು ಎಷ್ಟು ಅಂತ ಅವರು ಹೇಳುತ್ತಾರೆ, ಹೋಗಿದ್ದು ಎಷ್ಟು ಅಂತ ನೀವು ಕೇಳಿ

ನನ್ನ ಪ್ರಕಾರ ಇಡೀ ಲೆಕ್ಕದಲ್ಲಿ ಇದೇ ಅತಿ ಮುಖ್ಯ, ಅತಿ ಕಡಿಮೆ ಜನ ಕೇಳುವ ಪ್ರಶ್ನೆಯೂ ಇದೇ. ಕಟ್ಟಿದ ಮನೆ, ಕೊಂಡ ಮನೆ ಕೂಡಿಸಿ. ಅದರಿಂದ ಮಾರಿದ ಮನೆ, ಕೆಡವಿದ ಮನೆ, ಬಾಡಿಗೆ ಷರತ್ತಿನ ಅವಧಿ ಮುಗಿದ ಮನೆ ಕಳೆಯಿರಿ. ಉಳಿದದ್ದು ನಿಜವಾಗಿ ಹೆಚ್ಚಾದ ಮನೆ. ಬಹಳ ಸಲ ಉತ್ತರ ಸೊನ್ನೆಗಿಂತ ಕೆಳಗೆ ಬರುತ್ತದೆ.

ಬ್ರಿಟನ್ನಿನಲ್ಲಿ 1980ರ ವಸತಿ ಕಾಯ್ದೆ ಬಂದ ಮೇಲೆ ನಗರಸಭೆಯ ಬಾಡಿಗೆದಾರರಿಗೆ ತಾವಿರುವ ಮನೆಯನ್ನು ರಿಯಾಯಿತಿ ದರದಲ್ಲಿ ಕೊಳ್ಳುವ ಹಕ್ಕು ಸಿಕ್ಕಿತು. ಇಂಗ್ಲೆಂಡಿನಲ್ಲೇ ಸುಮಾರು 20 ಲಕ್ಷ ಮನೆ ಹೀಗೆ ಮಾರಾಟವಾದವು, ಅಷ್ಟೇ ಮನೆ ಮತ್ತೆ ಕಟ್ಟಲೇ ಇಲ್ಲ. ಕೊಂಡವರಿಗೆ ಒಳ್ಳೆಯದಾಯಿತು, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಮುಂದೆ ಸಾಲಿನಲ್ಲಿದ್ದವರಿಗೆ ಮನೆ ಇಲ್ಲವಾಯಿತು. ಸ್ಕಾಟ್ಲೆಂಡ್ 2016ರಲ್ಲಿ, ವೇಲ್ಸ್ 2019ರಲ್ಲಿ ಈ ಹಕ್ಕನ್ನು ರದ್ದು ಮಾಡಿದವು.

ಜರ್ಮನಿಯ ಕಥೆ ಇನ್ನೂ ಸದ್ದಿಲ್ಲದೆ ನಡೆದದ್ದು. ಅಲ್ಲಿ ಖಾಸಗಿಯವರು ಸರ್ಕಾರದ ನೆರವಿನಿಂದ ಕಟ್ಟಿದ ಮನೆಗೆ ಕೆಲವು ದಶಕ ಮಾತ್ರ ಕಡಿಮೆ ಬಾಡಿಗೆಯ ಷರತ್ತು. ಅವಧಿ ಮುಗಿದ ದಿನ ಅದು ಮಾಮೂಲಿ ಮನೆ. 2006ರಲ್ಲಿ ಸುಮಾರು 20 ಲಕ್ಷ ಇದ್ದ ಇಂಥ ಮನೆಗಳು 2022ರ ಹೊತ್ತಿಗೆ ಸುಮಾರು 11 ಲಕ್ಷಕ್ಕೆ ಇಳಿದವು. ಯಾರೂ ಕೆಡವಲಿಲ್ಲ, ಗೋಡೆಗಳೆಲ್ಲ ಅಲ್ಲೇ ಇವೆ, ಬಾಡಿಗೆ ಮಾತ್ರ ಬೇರೆ. ಹಾಗಾಗಿ ಖಾಸಗಿ ಪಾಲುದಾರಿಕೆ ಅಂತ ಬರೆದಿದ್ದರೆ ಒಂದೇ ಪ್ರಶ್ನೆ ಕೇಳಿ: ಎಷ್ಟು ವರ್ಷಕ್ಕೆ? ಹದಿನೈದು ವರ್ಷಕ್ಕೆ ಕೊಟ್ಟ ಸಬ್ಸಿಡಿಯಿಂದ ಹದಿನಾರನೇ ವರ್ಷ ಲಾಭ ಯಾರಿಗೆ ಅಂತ ಬಿಡಿಸಿ ಹೇಳಬೇಕಿಲ್ಲ ಅಲ್ವಾ.

ಜಾಗ ಎಲ್ಲಿ, ರಿಪೇರಿ ಯಾರದ್ದು

ಅಗ್ಗದ ಭೂಮಿ ಊರಾಚೆ ಸಿಗುತ್ತದೆ, ಮನೆಗಳೂ ಅಲ್ಲೇ ಏಳುತ್ತವೆ. ಮೆಕ್ಸಿಕೊದಲ್ಲಿ 2000ರ ದಶಕದಲ್ಲಿ ಸಾರ್ವಜನಿಕ ನಿಧಿಯ ಗೃಹಸಾಲದ ಬಲದಿಂದ ನಗರಗಳ ಹೊರಗೆ ಲಕ್ಷಗಟ್ಟಲೆ ಮನೆ ಕಟ್ಟಿದರು. ಕೆಲಸಕ್ಕೆ ಹೋಗಿಬರಲು ದಿನದ ಗಂಟೆಗಟ್ಟಲೆ ಸಮಯ, ಬಸ್ಸಿಗೆ ದುಡ್ಡು. ಎಷ್ಟೋ ಜನ ಕೀಲಿ ಹಾಕಿ ಬಿಟ್ಟು ಹೋದರು. 2010ರ ಜನಗಣತಿಯಲ್ಲಿ ದೇಶದಲ್ಲಿ ಖಾಲಿ ಬಿದ್ದ ಮನೆಗಳು ಸುಮಾರು 50 ಲಕ್ಷ ಸಿಕ್ಕವು, ಎಲ್ಲವೂ ಈ ಕಾರಣಕ್ಕೇ ಅಲ್ಲದಿದ್ದರೂ ದೂರದ ಬಡಾವಣೆಗಳ ಪಾಲು ಅದರಲ್ಲಿ ದೊಡ್ಡದು. ಯೋಜನೆಯ ನಕ್ಷೆ ಸಿಕ್ಕರೆ ಹತ್ತಿರದ ಬಸ್ ನಿಲ್ದಾಣ, ಆಸ್ಪತ್ರೆ, ಶಾಲೆ ಎಷ್ಟು ದೂರ ಅಂತ ಮೊಬೈಲಿನಲ್ಲೇ ಅಳೆದು ನೋಡಿ. ಕೆಲವೊಮ್ಮೆ ಇದಕ್ಕೆ ಹಣಕ್ಕಿಂತ ಕಾನೂನು ಹೆಚ್ಚು ಕೆಲಸ ಮಾಡುತ್ತದೆ. ಫ್ರಾನ್ಸಿನ 2000ನೇ ಇಸವಿಯ ಕಾಯ್ದೆ ಒಂದು ಮಟ್ಟಕ್ಕಿಂತ ದೊಡ್ಡ ಪಟ್ಟಣಗಳಲ್ಲಿ ಶೇ 20ರಷ್ಟು ಸಾಮಾಜಿಕ ವಸತಿ ಇರಲೇಬೇಕು ಅಂದಿತು, ಆಮೇಲೆ ಹಲವು ಕಡೆ ಅದನ್ನು ಶೇ 25ಕ್ಕೆ ಏರಿಸಿದರು. ಮುಟ್ಟದ ಪಟ್ಟಣ ದಂಡ ಕಟ್ಟಬೇಕು. ಕೆಲವು ಶ್ರೀಮಂತ ಪಟ್ಟಣಗಳು ದಂಡವನ್ನೇ ಕಟ್ಟಿಕೊಂಡು ಕೂತಿವೆ, ಅದು ಬೇರೆ ಮಾತು.

ರಿಪೇರಿಗೆ ಪ್ರತ್ಯೇಕ ಸಾಲು ಇದೆಯಾ ನೋಡಿ. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ 1950ರ ದಶಕದಲ್ಲಿ ಎದ್ದ ಪ್ರುಯಿಟ್-ಐಗೋ ಬಡಾವಣೆಯಲ್ಲಿ 11 ಮಹಡಿಯ 33 ಕಟ್ಟಡಗಳಿದ್ದವು. ಕಟ್ಟಲು ಸರ್ಕಾರ ಹಣ ಕೊಟ್ಟಿತು, ನಿರ್ವಹಣೆ ಮಾತ್ರ ಬಾಡಿಗೆಯಿಂದಲೇ ಆಗಬೇಕಿತ್ತು. ಬಾಡಿಗೆದಾರರು ಬಡವರು, ಊರಿನ ಜನಸಂಖ್ಯೆಯೇ ಇಳಿಯುತ್ತಿತ್ತು, ಮನೆಗಳು ಖಾಲಿಯಾದಂತೆ ಬಾಡಿಗೆಯೂ ಇಳಿಯಿತು, ಲಿಫ್ಟು ಪೈಪು ಎಲ್ಲ ಕೆಟ್ಟು ಕೂತವು. 1972ರಿಂದ ಸ್ಫೋಟಕ ಇಟ್ಟು ಕೆಡವಿದರು. ತಪ್ಪನ್ನು ಬಹುಮಹಡಿ ವಿನ್ಯಾಸದ ಮೇಲೆ ಹಾಕುವವರು ಈಗಲೂ ಇದ್ದಾರೆ, ನನಗಂತೂ ಲೆಕ್ಕದ ಪುಸ್ತಕದಲ್ಲೇ ಹೆಚ್ಚಿನ ಉತ್ತರ ಕಾಣುತ್ತದೆ. ಇದಕ್ಕೆ ಎದುರಾಗಿ ಡೆನ್ಮಾರ್ಕ್ ನೋಡಿ: 1967ರಿಂದ ಅಲ್ಲೊಂದು ರಾಷ್ಟ್ರೀಯ ನಿಧಿ ಇದೆ. ಕಟ್ಟಡದ ಸಾಲ ತೀರಿದ ಮೇಲೂ ಬಾಡಿಗೆ ಬರುತ್ತಲೇ ಇರುತ್ತದೆ, ಆ ಹಣದಲ್ಲಿ ಒಂದು ಪಾಲು ನಿಧಿಗೆ ಸೇರಿ ಬೇರೆ ಬಡಾವಣೆಗಳ ದುರಸ್ತಿಗೆ ಹೋಗುತ್ತದೆ.

ಮನೆಯಿಲ್ಲದವರು ಅಂದರೆ ಯಾರು

‘ಮನೆಯಿಲ್ಲದವರ ಸಂಖ್ಯೆ ಅರ್ಧಕ್ಕೆ ಇಳಿದಿದೆ’ ಅಂದರೆ ಯಾರನ್ನು ಎಣಿಸಿದ್ದಾರೆ ಅಂತ ಮೊದಲು ಕೇಳಿ. ಫುಟ್‌ಪಾತಿನಲ್ಲಿ ಮಲಗಿದವರನ್ನು ಮಾತ್ರವಾ? ತಂಗುದಾಣದಲ್ಲಿರುವವರು, ನೆಂಟರ ಮನೆಯ ಹಾಲಿನಲ್ಲಿ ತಿಂಗಳುಗಟ್ಟಲೆ ಮಲಗುವವರು, ಹೊಡೆತ ತಾಳಲಾರದೆ ಗಂಡನ ಮನೆ ಬಿಟ್ಟ ಹೆಂಗಸರು? ಯುರೋಪಿನಲ್ಲಿ 2005ರಲ್ಲಿ ರೂಪಿಸಿದ ಈಥೋಸ್ ಅನ್ನುವ ವಿಂಗಡಣೆಯಲ್ಲಿ ನಾಲ್ಕು ಗುಂಪುಗಳಿವೆ: ಸೂರೇ ಇಲ್ಲದವರು, ಸೂರಿದ್ದರೂ ಮನೆ ಇಲ್ಲದವರು, ಯಾವಾಗ ಬೇಕಾದರೂ ಹೊರಬೀಳಬಹುದಾದವರು, ವಾಸಕ್ಕೆ ತಕ್ಕುದಲ್ಲದ ಜಾಗದಲ್ಲಿ ಇರುವವರು. ಫಿನ್ಲೆಂಡಿನ ಎಣಿಕೆಯಲ್ಲಿ ಗೆಳೆಯರ, ನೆಂಟರ ಮನೆಯಲ್ಲಿ ತಾತ್ಕಾಲಿಕವಾಗಿ ಇರುವವರೂ ಬರುತ್ತಾರೆ. ಅಮೆರಿಕದಲ್ಲಿ ಜನವರಿ ಕೊನೆಯ ಒಂದು ರಾತ್ರಿ ಮಾಡುವ ಎಣಿಕೆಯಲ್ಲಿ ಅವರು ಬರುವುದಿಲ್ಲ. ಎರಡು ದೇಶದ ಅಂಕಿಗಳನ್ನು ಸುಮ್ನೆ ಪಕ್ಕಪಕ್ಕ ಇಟ್ಟು ಹೋಲಿಸಬೇಡಿ. ಒಂದೇ ಊರಿನಲ್ಲೂ ಈ ವರ್ಷ ಎಣಿಸಿದ ರೀತಿ ಹೋದ ವರ್ಷದ್ದೇನಾ ನೋಡಿ. ಎಣಿಕೆಗೆ ಹಿಂದಿನ ವಾರ ಪೊಲೀಸರು ಜನರನ್ನು ಎಬ್ಬಿಸಿ ಓಡಿಸಿದ್ದರೆ ಅಂಕಿ ಇಳಿಯುತ್ತದೆ, ಮನೆ ಸಿಕ್ಕಿರುವುದಿಲ್ಲ.

ಬೀಗದ ಕೈ ಯಾವಾಗ ಕೊಡುತ್ತಾರೆ

ಹಳೆಯ ಪದ್ಧತಿ ಮೆಟ್ಟಿಲಿನದು. ಮೊದಲು ಕುಡಿತ ಬಿಡು, ಚಿಕಿತ್ಸೆ ತಗೊ, ತಂಗುದಾಣದಲ್ಲಿ ಶಿಸ್ತಾಗಿ ಇದ್ದು ತೋರಿಸು, ಆಮೇಲೆ ಮನೆ. ಇದನ್ನು ತಿರುಗಿಸಿದ್ದು ‘ಮೊದಲು ಮನೆ’ ಅನ್ನುವ ವಿಧಾನ. 1990ರ ದಶಕದ ಮೊದಲಲ್ಲಿ ನ್ಯೂಯಾರ್ಕಿನಲ್ಲಿ ಮನಶ್ಶಾಸ್ತ್ರಜ್ಞ ಸ್ಯಾಮ್ ಸೆಂಬೆರಿಸ್ ಇದನ್ನು ಶುರು ಮಾಡಿದರು: ಮನೆ ಮೊದಲೇ ಕೊಡಿ, ಷರತ್ತು ಬೇಡ, ಜೊತೆಗೆ ಬೇಕಾದ ನೆರವು ಕೊಡಿ. ಕೆನಡಾ ಐದು ನಗರಗಳಲ್ಲಿ 2 ಸಾವಿರಕ್ಕೂ ಹೆಚ್ಚು ಜನರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ಇದನ್ನು ಪರೀಕ್ಷೆ ಮಾಡಿತು. ಕೊನೆಯ ಆರು ತಿಂಗಳಲ್ಲಿ ಮೊದಲು ಮನೆ ಕೊಟ್ಟ ಗುಂಪಿನ ಶೇ 62 ಜನ ಪೂರ್ತಿ ಅವಧಿ ಮನೆಯಲ್ಲೇ ಇದ್ದರು, ಮಾಮೂಲಿ ಸೇವೆ ಪಡೆದ ಗುಂಪಿನಲ್ಲಿ ಶೇ 31. ಇಲ್ಲೊಂದು ಎಚ್ಚರಿಕೆ: ಇದರಿಂದ ಸರ್ಕಾರಕ್ಕೆ ದುಡ್ಡೇ ಉಳಿಯುತ್ತದೆ ಅಂತ ಪ್ರಚಾರ ಮಾಡುವವರು ಜಾಸ್ತಿ. ಆಸ್ಪತ್ರೆ, ಜೈಲು ಅಂತ ಅತಿ ಹೆಚ್ಚು ಖರ್ಚು ಬೀಳುವ ಚಿಕ್ಕ ಗುಂಪಿನಲ್ಲಿ ಉಳಿಯಿತು ನಿಜ, ಉಳಿದವರ ವಿಷಯದಲ್ಲಿ ಹಾಕಿದಷ್ಟೂ ವಾಪಸ್ ಬರಲಿಲ್ಲ. ಉಳಿಯದಿದ್ದರೂ ಮಾಡಬೇಕಾದ ಕೆಲಸ ಅಂತ ನೇರವಾಗಿ ಹೇಳುವುದೇ ಮೇಲು.

ಫಿನ್ಲೆಂಡ್ 2008ರಿಂದ ಇದನ್ನೇ ದೇಶದ ನೀತಿ ಮಾಡಿಕೊಂಡಿತು, ಹಳೆ ಹಾಸ್ಟೆಲುಗಳನ್ನು ಒಬ್ಬೊಬ್ಬರಿಗೆ ಒಂದೊಂದು ಫ್ಲ್ಯಾಟ್ ಆಗಿ ಬದಲಾಯಿಸಿತು, ಸಹಾಯಕ ಸಿಬ್ಬಂದಿಯನ್ನು ನೇಮಿಸಿತು. 1980ರ ದಶಕದ ಕೊನೆಗೆ ಸುಮಾರು 18 ಸಾವಿರ ಇದ್ದ ಮನೆಯಿಲ್ಲದವರು 2023ಕ್ಕೆ 3,429ಕ್ಕೆ ಇಳಿದರು. 2024ರಲ್ಲಿ ಅದು ಮತ್ತೆ 3,806ಕ್ಕೆ ಏರಿತು. ಅದೇ ವರ್ಷ ಅಲ್ಲಿ ವಸತಿ ಭತ್ಯೆ ಕಡಿತವಾಗಿತ್ತು. ಅಂದರೆ ಮನೆ ಕಟ್ಟುವುದನ್ನು ನೋಡಿದರೆ ಸಾಲದು, ಇರುವ ಮನೆಯಿಂದ ಜನ ಹೊರಬೀಳುವುದನ್ನೂ ನೋಡಬೇಕು. ಬಾಡಿಗೆ ಬಾಕಿಗೆ ನೆರವು, ಮನೆ ಖಾಲಿ ಮಾಡಿಸುವ ಕೇಸುಗಳಲ್ಲಿ ವಕೀಲರ ಸಹಾಯ, ಜೈಲು, ಆಸ್ಪತ್ರೆ, ಅನಾಥಾಲಯಗಳಿಂದ ಹೊರಬರುವವರಿಗೆ ಮೊದಲೇ ಮನೆ ಹುಡುಕಿಡುವುದು. ಇವು ಬೇರೆ ಇಲಾಖೆಗಳ ಪುಟಗಳಲ್ಲಿ ಅಡಗಿರುತ್ತವೆ, ಹುಡುಕಿ. ಸಹಾಯಕ ಸಿಬ್ಬಂದಿಯ ಸಂಬಳ ಕೂಡ ಕಟ್ಟಡದ ಬಜೆಟ್ಟಿನಲ್ಲಿ ಇರುವುದಿಲ್ಲ, ಪ್ರತಿ ವರ್ಷ ಹೊಸದಾಗಿ ಮಂಜೂರಾಗಬೇಕು. ಕಡಿತ ಬಂದಾಗ ಮೊದಲು ಹೋಗುವುದು ಅದೇ.

ಕೇಳುವುದು ಹೇಗೆ

ಮಾಹಿತಿ ಕೇಳುವ ಅರ್ಜಿ ಆಗಲಿ, ನಿಮ್ಮ ಪ್ರತಿನಿಧಿಗೆ ಪತ್ರ ಆಗಲಿ, ‘ವಸತಿಗೆ ಏನು ಮಾಡಿದ್ದೀರಿ’ ಅಂತ ಬರೆದರೆ ಭಾಷಣವೇ ವಾಪಸ್ ಬರುತ್ತದೆ. ಲೆಕ್ಕ ಬರುವ ಹಾಗೆ ಕೇಳಿ. ಹೀಗೆ ಬರೆಯಬಹುದು:

‘ಕಳೆದ ಐದು ವರ್ಷಗಳಲ್ಲಿ, ವರ್ಷವಾರು: ಮಂಜೂರಾದ, ಪೂರ್ಣಗೊಂಡ, ಜನ ವಾಸಕ್ಕೆ ಬಂದ ಮನೆಗಳು ಎಷ್ಟು? ಮಾರಿದ, ಕೆಡವಿದ, ಷರತ್ತಿನ ಅವಧಿ ಮುಗಿದ ಮನೆಗಳು ಎಷ್ಟು? ಹಂಚಿಕೆಯ ಹೊತ್ತಿಗೆ ಬೀದಿಯಲ್ಲಿ ಅಥವಾ ತಂಗುದಾಣದಲ್ಲಿ ಇದ್ದವರಿಗೆ ಕೊಟ್ಟ ಮನೆಗಳು ಎಷ್ಟು? ಅವರಲ್ಲಿ ಒಂದು ವರ್ಷದ ನಂತರವೂ ಅದೇ ಮನೆಯಲ್ಲಿ ಇರುವವರು ಎಷ್ಟು? ಈಗ ಖಾಲಿ ಬಿದ್ದಿರುವ ಮನೆಗಳು ಎಷ್ಟು, ಎಷ್ಟು ತಿಂಗಳಿಂದ?’

ಮಂಜೂರು, ಪೂರ್ಣ, ವಾಸ, ಈ ಮೂರನ್ನೂ ಬೇರೆ ಬೇರೆ ಕೇಳುವುದನ್ನು ಮರೆಯಬೇಡಿ. ಒಂದನ್ನು ಬಿಟ್ಟರೆ ಅತಿ ದೊಡ್ಡ ಅಂಕಿಯನ್ನೇ ಕೊಡುತ್ತಾರೆ. ಮೂರನೇ, ನಾಲ್ಕನೇ ಪ್ರಶ್ನೆಗೆ ‘ಮಾಹಿತಿ ಲಭ್ಯವಿಲ್ಲ’ ಅಂತ ಬರುವ ಸಾಧ್ಯತೆ ಜಾಸ್ತಿ. ಹಾಗೆ ಬಂದರೆ, ಮನೆಯಿಲ್ಲದವರಿಗೆ ಅಂತ ಘೋಷಿಸಿದ ಹಣ ಅವರಿಗೆ ತಲುಪಿತಾ ಅಂತ ಇಲಾಖೆ ಲೆಕ್ಕವನ್ನೇ ಇಟ್ಟಿಲ್ಲ. ಆ ಉತ್ತರದ ಪ್ರತಿಯನ್ನು ಸ್ಥಳೀಯ ವರದಿಗಾರರಿಗೆ, ವಸತಿ ಹಕ್ಕಿನ ಕೆಲಸ ಮಾಡುವ ಸಂಘಟನೆಗಳಿಗೆ ಕಳಿಸಿ, ಒಬ್ಬರು ಕೇಳುವುದಕ್ಕೂ ಹತ್ತು ಜನ ಅದೇ ಪ್ರಶ್ನೆ ಕೇಳುವುದಕ್ಕೂ ವ್ಯತ್ಯಾಸ ಇದೆ. ಬಂದ ಅಂಕಿಗಳನ್ನು ಒಂದು ಶೀಟಿನಲ್ಲಿ ಬರೆದಿಟ್ಟು, ಈ ವರ್ಷದ ಬಜೆಟ್ ಪುಟಗಳ ಪಿಡಿಎಫ್ ಕೂಡ ಇಳಿಸಿಟ್ಟುಕೊಳ್ಳಿ. ವೆಬ್‌ಸೈಟ್ ಬದಲಾದರೆ ಹಳೆಯದು ಸಿಗುವುದಿಲ್ಲ, ಯೋಜನೆಯ ಹೆಸರು ಬದಲಾದರೆ ಹುಡುಕುವುದೂ ಕಷ್ಟ.